ನೆಟಿಗೆ ಮುರಿದರೆ ಕೀಲು ಸವೆಯುವುದೆ?

ನಮ್ಮ ಮನೆಯಲ್ಲಿ ಕೆಲವು ತಿಂಗಳುಗಳಿಂದ ಒಂದು ಸದ್ದು ನಿಂತುಹೋಗಿತ್ತು. ಸಂಜೆ ದೀಪ ಹಚ್ಚಿದ ಮೇಲೆ ನಮ್ಮ ತಾಯಿಯವರು ಮೊಮ್ಮಗನ ಮುಖವನ್ನು ಎರಡು ಕೈಗಳಿಂದಲೂ ನೀವಿ, ಬೆರಳುಗಳನ್ನು ತಮ್ಮ ಕಣತಲೆಗೆ ಒತ್ತಿ, ಲಟಲಟನೆ ನೆಟಿಗೆ ಮುರಿಯುವುದು ವಾಡಿಕೆ. ಸದ್ದು ಜೋರಾದಷ್ಟೂ ಮಗುವಿಗೆ ತಗುಲಿದ್ದ ದೃಷ್ಟಿ ದೊಡ್ಡದೆಂದು ಲೆಕ್ಕ. ಏಕೆ ನಿಲ್ಲಿಸಿದಿರೆಂದು ಕೇಳಿದಾಗ ಊದಿದ ಗೆಣ್ಣುಗಳನ್ನು ಮುಂದೆ ಚಾಚಿದರು.

"ಐದು ಮಕ್ಕಳಿಗೆ ದೃಷ್ಟಿ ತೆಗೆದ ಕೈಯಪ್ಪ ಇದು. ಮುರಿದೂ ಮುರಿದೂ ಹೀಗಾಗಿದೆ. ನಾನೇ ಮಾಡಿಕೊಂಡದ್ದಕ್ಕೆ ಡಾಕ್ಟರು ಏನು ಮಾಡಿಯಾರು?"

ಆ ಮಾತು ನನ್ನನ್ನು ಯೋಚನೆಗೆ ಹಚ್ಚಿತು. ಪರೀಕ್ಷೆಗೆ ಓದುತ್ತ ಬೆರಳು ಮುರಿಯುವ ಹುಡುಗನನ್ನು ಗದರಿಸುವಾಗ ನಾವೆಲ್ಲರೂ ಹೇಳುವ ಮಾತೂ ಇದೇ ಅಲ್ಲವೆ? ಮುಪ್ಪಿನಲ್ಲಿ ಕೀಲು ಹಿಡಿದೀತು ಎಂದು! ಇದು ನಿಜವೆ?

ಮೊದಲು ಸದ್ದಿನ ಗುಟ್ಟನ್ನು ನೋಡೋಣ. ಅದು ಎಲುಬಿಗೆ ಎಲುಬು ತಾಕುವ ಸದ್ದಲ್ಲ. ಕೀಲಿನ ನಡುವೆ ಒಂದು ಲೋಳೆದ್ರವವಿದೆ. ಅದರಲ್ಲಿ ಅನಿಲ ಕರಗಿರುತ್ತದೆ. ಬೆರಳನ್ನು ಎಳೆದಾಗ ಕೀಲಿನೊಳಗೆ ಒತ್ತಡ ಥಟ್ಟನೆ ಇಳಿದು, ಅನಿಲ ಗುಳ್ಳೆಯಾಗುತ್ತದೆ. ಗುಳ್ಳೆ ಒಡೆಯುವುದೇ ಸದ್ದೆಂದು 1971ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನ ಸಂಶೋಧಕರು ಹೇಳಿದರು. ಹುಟ್ಟುವಾಗಲೇ ಸದ್ದೆಂದು 2015ರಲ್ಲಿ ಕೆನಡಾದ ಆಲ್ಬರ್ಟ ವಿಶ್ವವಿದ್ಯಾನಿಲಯದವರು ಎಂ.ಆರ್.ಐ. ಯಂತ್ರದಲ್ಲಿ ಬೆರಳನ್ನು ಎಳೆದು ಚಿತ್ರ ಹಿಡಿದು ವಾದಿಸಿದರು. ಪಂಡಿತರ ಈ ವಾದ ಇನ್ನೂ ಮುಗಿದಿಲ್ಲ. ಅನಿಲ ಮತ್ತೆ ಕರಗಲು ಸುಮಾರು 20 ನಿಮಿಷ ಬೇಕು. ಒಮ್ಮೆ ಮುರಿದ ಬೆರಳು ಒಡನೆಯೇ ಮತ್ತೆ ಸದ್ದು ಮಾಡದಿರುವುದು ಅದಕ್ಕಾಗಿಯೇ.

ಇನ್ನು ಹಾನಿಯ ವಿಚಾರ. ಕ್ಯಾಲಿಫೋರ್ನಿಯದ ವೈದ್ಯ ಡೊನಾಲ್ಡ್ ಅಂಗರ್ ಅವರಿಗೂ ಬಾಲ್ಯದಲ್ಲಿ ತಾಯಿ, ಚಿಕ್ಕಮ್ಮಂದಿರು, ಮುಂದೆ ಅತ್ತೆಯವರೂ ಇದೇ ಎಚ್ಚರಿಕೆ ಕೊಟ್ಟಿದ್ದರು. ಅವರು ಹಿರಿಯರೊಡನೆ ವಾದಕ್ಕಿಳಿಯಲಿಲ್ಲ. ಎಡಗೈಯ ಬೆರಳುಗಳನ್ನು ದಿನಕ್ಕೆ ಎರಡು ಬಾರಿಯಾದರೂ ಮುರಿಯುತ್ತ, ಬಲಗೈಯನ್ನು ಹಾಗೆಯೇ ಬಿಟ್ಟು, 50 ವರ್ಷ ಕಾದರು! 36,500 ಬಾರಿಗೆ ಕಡಿಮೆಯಿಲ್ಲ. ಕೊನೆಗೆ ನೋಡಿದರೆ ಎರಡು ಕೈಗಳಲ್ಲಿಯೂ ಸಂಧಿವಾತವಿರಲಿಲ್ಲ. 1998ರಲ್ಲಿ ಇದನ್ನು ವೈದ್ಯಪತ್ರಿಕೆಗೆ ಬರೆದರು. 2009ರಲ್ಲಿ, ನಗಿಸಿ ಚಿಂತನೆಗೆ ಹಚ್ಚುವ ಸಂಶೋಧನೆಗಳಿಗೆ ಸಲ್ಲುವ ಇಗ್ ನೊಬೆಲ್ ಬಹುಮಾನವೂ ಬಂತು.

ಒಬ್ಬರ ಕೈ ಜಗತ್ತಿಗೆಲ್ಲ ಪ್ರಮಾಣವಾಗದು, ನಿಜ. ಆದರೆ 1990ರಲ್ಲಿ ಅಮೆರಿಕದಲ್ಲಿ 300 ಮಂದಿಯನ್ನೂ, 2011ರಲ್ಲಿ 215 ಮಂದಿಯನ್ನೂ ಪರೀಕ್ಷಿಸಿದಾಗ, ನೆಟಿಗೆ ಮುರಿಯುವವರಲ್ಲಿ ಸಂಧಿವಾತ ಹೆಚ್ಚಾಗಿ ಕಾಣಲಿಲ್ಲ. ಮೊದಲನೆಯ ಪರೀಕ್ಷೆಯಲ್ಲಿ ಕೈ ಊತವೂ ಹಿಡಿತದ ದೌರ್ಬಲ್ಯವೂ ಕಂಡುಬಂದುದುಂಟು; 2017ರಲ್ಲಿ ಪ್ರಕಟವಾದ ಇನ್ನೊಂದರಲ್ಲಿ ಅಂಥ ಊತ ಕಾಣಲಿಲ್ಲ. ಆದುದರಿಂದ ಬಲವಂತವಾಗಿ ತಿರುಚದೆ ಮೆಲ್ಲನೆ ಮುರಿಯುವವರನ್ನು ಹೆದರಿಸಲು ಕಾರಣವಿಲ್ಲ. ಪಕ್ಕದಲ್ಲಿ ಕುಳಿತವರ ತಾಳ್ಮೆಯ ಮಾತು ಬೇರೆ.

ನೋವಿಲ್ಲದ ಸದ್ದಿಗೆ ಅಂಜಬೇಕಿಲ್ಲವೆಂದ ಮಾತ್ರಕ್ಕೆ ಸದ್ದಿನೊಡನೆ ಬರುವ ನೋವನ್ನು ಅಲಕ್ಷಿಸಬಾರದು. ಕೀಲು ಊದಿದರೆ, ಬಿಸಿಯಾದರೆ, ಬೆಳಗ್ಗೆ ಎದ್ದಾಗ ಬೆರಳುಗಳು ಬಹಳ ಹೊತ್ತು ಮಡಿಸಲಾಗದಂತೆ ಸೆಟೆದುಕೊಂಡಿದ್ದರೆ ವೈದ್ಯರಿಗೆ ತೋರಿಸಲೇಬೇಕು. ಕೆಲವು ಬಗೆಯ ಸಂಧಿವಾತಗಳಿಗೆ ಬೇಗ ಚಿಕಿತ್ಸೆಯಾದಷ್ಟೂ ಕೀಲು ಉಳಿಯುತ್ತದೆ. ಹುಸಿ ನಂಬಿಕೆಯ ನಿಜವಾದ ಕೇಡು ಇಲ್ಲಿಯೇ ಇದೆ: ತಪ್ಪು ತನ್ನದೆಂದು ತಿಳಿದ ಮನುಷ್ಯ ಮದ್ದನ್ನು ಕೇಳುವುದಿಲ್ಲ, ಮೌನವಾಗಿ ನೋವನ್ನು ನುಂಗುತ್ತಾನೆ.

ನಮ್ಮ ತಾಯಿಯವರನ್ನು ವೈದ್ಯರ ಬಳಿಗೆ ಕರೆದೊಯ್ದೆ. ವಯಸ್ಸಿಗೂ ವಂಶಕ್ಕೂ ಸೇರಿದ ಸವೆತವಿದು, ನೆಟಿಗೆಯ ತಪ್ಪಲ್ಲವೆಂದು ಅವರು ಹೇಳಿ, ಔಷಧವನ್ನೂ ಬೆರಳುಗಳಿಗೆ ವ್ಯಾಯಾಮವನ್ನೂ ತಿಳಿಸಿದರು. ತಿಂಗಳೆರಡು ಕಳೆದ ಮೇಲೆ, ಒಂದು ಸಂಜೆ ದೀಪ ಹಚ್ಚಿ ಮೊಮ್ಮಗನನ್ನು ಬಳಿಗೆ ಕರೆದರು. ಬಿಗಿಯಾಗಿ ಒತ್ತಲಿಲ್ಲ, ಎರಡೇ ಬೆರಳುಗಳಲ್ಲಿ ಸದ್ದು ಬಂತು.

"ಇವತ್ತಿಗೆ ಇಷ್ಟು ಸಾಕು, ಉಳಿದ ದೃಷ್ಟಿ ನಾಳೆಗೆ ಇರಲಿ," ಎಂದು ನಕ್ಕರು.