ಮೇಜಿನ ಖಾನೆಯ ಛಾಯಾಚಿತ್ರ

ಮನೆಯಲ್ಲಿ ಮದುವೆ ಮುಂಜಿಗಳು ನಡೆದಾಗ ಛಾಯಾಚಿತ್ರ ತೆಗೆಯಿಸದವರು ಈಗ ಯಾರೂ ಇರಲಾರರು. ಎಲ್ಲರ ಕೈಯಲ್ಲೂ ಮೊಬೈಲ್ ಫೋನು ಬಂದಮೇಲಂತೂ ಹಬ್ಬದ ದಿನ ಬಡಿಸಿದ ಎಲೆಗೂ ಚಿತ್ರದ ಭಾಗ್ಯ ದೊರೆತಿದೆ. ಆದರೆ ಮೇಜಿನ ಖಾನೆಯೊಂದನ್ನು ಹೊರಕ್ಕೆಳೆದು, ಅದರೊಳಗಿನ ಸಾಮಾನುಗಳನ್ನು ಇದ್ದದ್ದು ಇದ್ದಂತೆ ಚಿತ್ರ ತೆಗೆದಿಟ್ಟುಕೊಂಡ ಗೃಹಸ್ಥರನ್ನು ನಾವು ಕಂಡದ್ದು ಬಹು ವಿರಳ. ಈ ತಿಂಗಳು ಆ ವಿಷಯವಾಗಿ ವಾಚಕರೊಡನೆ ನಾಲ್ಕು ಮಾತುಗಳನ್ನಾಡಬೇಕೆಂದಿದ್ದೇವೆ. ಕಸಕ್ಕೂ ಭಾವಚಿತ್ರವೇ ಎಂದು ನಗುವವರು ನಗಬಹುದು. ಎರಡು ವರ್ಷಗಳ ಹಿಂದೆ ನಾವೂ ನಕ್ಕವರೇ.

ಇದು ಹೊಸ ಹುಚ್ಚೇನೂ ಅಲ್ಲ. ಛಾಯಾಚಿತ್ರವಿದ್ಯೆಯ ಆದಿಪುರುಷರಲ್ಲೊಬ್ಬನಾದ ಇಂಗ್ಲೆಂಡಿನ ಟಾಲ್ಬಟ್ ಎಂಬಾತನು 1844ರಿಂದ 1846ರವರೆಗೆ 'ದಿ ಪೆನ್ಸಿಲ್ ಆಫ್ ನೇಚರ್' ಎಂಬ ಪುಸ್ತಕವನ್ನು ಬಿಡಿಬಿಡಿ ಭಾಗಗಳಾಗಿ ಪ್ರಕಟಿಸಿದನು. ಅದರಲ್ಲಿ ಬೀದಿ, ಕಟ್ಟಡಗಳ ಚಿತ್ರಗಳೊಡನೆ, ಹಲಗೆಗಳ ಮೇಲೆ ಸಾಲಾಗಿ ಜೋಡಿಸಿದ ಪಿಂಗಾಣಿ ಪಾತ್ರೆಗಳ ಚಿತ್ರವೊಂದೂ, ಗಾಜಿನ ಸಾಮಾನುಗಳ ಚಿತ್ರವೊಂದೂ ಇವೆ. ಇಂಥ ವಸ್ತುಗಳು ಎಷ್ಟೇ ಇದ್ದರೂ ಚಿತ್ರವು ಒಂದೇ ಬಾರಿಗೆ ಎಲ್ಲವನ್ನೂ ಹಿಡಿದುಕೊಳ್ಳುತ್ತದೆ ಎಂಬುದು ಅವನ ಅಭಿಪ್ರಾಯವಾಗಿತ್ತು. ಕಳ್ಳನು ಸಾಮಾನನ್ನು ಹೊತ್ತುಕೊಂಡು ಹೋದರೆ ಬಾಯಿಲ್ಲದ ಈ ಚಿತ್ರವೇ ನ್ಯಾಯಸ್ಥಾನದಲ್ಲಿ ಸಾಕ್ಷಿ ನಿಲ್ಲಬಹುದೆಂದೂ ಅವನು ಸೂಚಿಸಿದ್ದನು. ಅವನು ಹೇಳಿದ್ದು ಕಳ್ಳರ ವಿಷಯ. ನಮಗೆ ಸಾಕ್ಷಿ ಬೇಕಾದ ಬಗೆಯೇ ಬೇರೆ. ಅದನ್ನು ಮುಂದೆ ಹೇಳುತ್ತೇವೆ.

ಮಧ್ಯಮಸ್ಥಿತಿಯ ಒಂದು ಮನೆಯ ಖಾನೆಯನ್ನು ಎಳೆದು ನೋಡಿದರೆ ಅದೊಂದು ಚಿಕ್ಕ ಇತಿಹಾಸವೇ ಸರಿ. ಮೇಲುಗಡೆ ಸೇಫ್ಟಿ ಪಿನ್ನು, ಅಂಗಿಯ ಗುಂಡಿ, ನೋವಿನ ಮುಲಾಮಿನ ಡಬ್ಬಿ, ಫ್ಯೂಸ್ ತಂತಿ, ಒಂದು ಕಾಲು ಮುರಿದ ಕನ್ನಡಕ, ಯಾವ ಬೀಗಕ್ಕೂ ಸೇರದ ಬೀಗದ ಕೈಗಳು. ಕೈಯನ್ನು ಇನ್ನಷ್ಟು ಒಳಕ್ಕೆ ಚಾಚಿದರೆ ಕಾಲವೂ ಹಿಂದಕ್ಕೆ ಸರಿಯುತ್ತದೆ. ನಾಲ್ಕಾಣೆಯೆಂದೇ ಜನರು ಕರೆಯುತ್ತಿದ್ದ ಇಪ್ಪತ್ತೈದು ಪೈಸೆಯ ನಾಣ್ಯವು 2011ನೆಯ ಇಸವಿ ಜೂನ್ 30ರ ತರುವಾಯ ಚಲಾವಣೆಯಲ್ಲಿಲ್ಲ. ಅದಕ್ಕೂ ಕೆಳಗೆ 'ನಯಾ ಪೈಸೆ' ಎಂದು ಕೆತ್ತಿದ ನಾಣ್ಯ ಸಿಕ್ಕಿದರೆ, ಅದು 1957ನೆಯ ಇಸವಿ ಏಪ್ರಿಲ್ 1ರಂದು ಹದಿನಾರಾಣೆಯ ರೂಪಾಯಿ ನೂರು ಪೈಸೆಯ ರೂಪಾಯಿಯಾದ ಕಾಲದ್ದು. ಎಚ್.ಎಂ.ಟಿ. ಕೈಗಡಿಯಾರವೊಂದು ನಿಂತು ಬಿದ್ದಿರುವುದೂ ಉಂಟು. ಬೆಂಗಳೂರಿನಲ್ಲಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪೆನಿಯ ಸಹಾಯದಿಂದ ಆರಂಭವಾದ ಆ ತಯಾರಿಕೆಯನ್ನು ಮುಚ್ಚುವ ತೀರ್ಮಾನವಾದದ್ದು 2016ರಲ್ಲಿ. ತಂತಿ ಸಮಾಚಾರದ ಕಾಗದವಿದ್ದರೆ ಅದನ್ನು ಜೋಪಾನವಾಗಿಡತಕ್ಕದ್ದು. 2013ರ ಜುಲೈಯಿಂದೀಚೆಗೆ ನಮ್ಮ ದೇಶದಲ್ಲಿ ತಂತಿಯ ವ್ಯವಸ್ಥೆಯೇ ಇಲ್ಲ. ಇವುಗಳಲ್ಲೆಲ್ಲ ಅಲ್ಪಾಯುವಾದುದು ಈಚಿನ ಅಂಗಡಿಯ ರಸೀತಿ. ಅದರಲ್ಲಿ ಮಸಿಯೇ ಇಲ್ಲ. ಶಾಖಕ್ಕೆ ಕಪ್ಪಾಗುವ ಲೇಪನವುಳ್ಳ ಕಾಗದವದು. ಬೆಳಕು, ಬಿಸಿಲುಗಳಿಗೆ ಸಿಕ್ಕಿ ಕೆಲಕಾಲದಲ್ಲಿಯೇ ಬರಹವೆಲ್ಲ ಅಳಿಸಿಹೋಗುತ್ತದೆ. ಅಜ್ಜನ ಕಾಲದ ಮಸಿಯ ಚೀಟಿಯನ್ನು ಇಂದೂ ಓದಬಹುದು, ಹೋದ ವರ್ಷದ ಮಿಕ್ಸರಿನ ರಸೀತಿಯನ್ನು ಓದಲಾಗದು!

ಇನ್ನು ನಮ್ಮ ಮನೆಯ ಸಂಗತಿ. ನಮ್ಮ ತಾಯಿಯವರು ತೀರಿಕೊಂಡ ಹತ್ತನೆಯ ದಿನ, ಶುಭಸ್ವೀಕಾರಕ್ಕೆ ಬರುವ ನೆಂಟರಿಗೆ ಸ್ಥಳ ಬೇಕೆಂಬ ಅವಸರದಲ್ಲಿ, ಅವರ ಮೇಜಿನ ಖಾನೆಗಳನ್ನು ಒಂದೇ ಮಧ್ಯಾಹ್ನದಲ್ಲಿ ಗೋಣಿಚೀಲಕ್ಕೆ ಸುರಿದು ಹಳೆಯ ಸಾಮಾನಿನವನಿಗೆ ಕೊಟ್ಟುಬಿಟ್ಟೆವು. ಕಾರ್ಯಗಳೆಲ್ಲ ಮುಗಿದ ಮೇಲೆ, ಬಹುಕಾಲದಿಂದ ಪಾತ್ರೆ ತಿಕ್ಕಲು ಬರುತ್ತಿದ್ದ ಹೆಂಗಸು ಹಿತ್ತಿಲ ಬಾಗಿಲಲ್ಲಿ ನಿಂತು, "ಅಮ್ಮಾವ್ರ ಹತ್ರ ನನ್ನ ದುಡ್ಡು ಇತ್ತು, ಏಳು ಸಾವಿರ" ಎಂದಳು. ನಮ್ಮಲ್ಲೊಬ್ಬರು, "ಅದಕ್ಕೆ ಬರೆದಿಟ್ಟದ್ದು ಏನಾದರೂ ಇದೆಯೇನಮ್ಮ?" ಎಂದು ಕೇಳಿದರು. ಕೇಳಿದವರು ಯಾರೆಂದು ಮುಚ್ಚಿಡುವುದೇಕೆ, ನಾವೇ. ಅವಳು ಉತ್ತರ ಕೊಡದೆ ಹೊರಟುಹೋದಳು. ಮರುದಿನದಿಂದ ಕೆಲಸಕ್ಕೂ ಬರಲಿಲ್ಲ.

ಎಂಟು ತಿಂಗಳ ಮೇಲೆ, ಕಾಲೇಜಿನಲ್ಲಿ ಓದುವ ನಮ್ಮ ಸೋದರಳಿಯನು ತನ್ನ ಫೋನಿನ ಚಿತ್ರಗಳನ್ನು ತೋರಿಸುತ್ತಿದ್ದಾಗ, ಅಜ್ಜಿಯ ಮೇಜಿನ ತೆರೆದ ಖಾನೆಯ ಚಿತ್ರವೊಂದು ಹಾದುಹೋಯಿತು. ಹೊಸ ಫೋನನ್ನು ಪರೀಕ್ಷಿಸುವುದಕ್ಕಾಗಿ ಸುಮ್ಮನೆ ತೆಗೆದದ್ದಂತೆ. ಅದರಲ್ಲಿ ಹಾಲಿನ ಲೆಕ್ಕದ ಪುಸ್ತಕವು ಮಡಿಸಿದ ಪುಟ ಮೇಲಾಗಿ ಬಿದ್ದಿತ್ತು, ಅದರ ಮೇಲೊಂದು ಪೆನ್ಸಿಲು. ಚಿತ್ರವನ್ನು ದೊಡ್ಡದು ಮಾಡಿ ನೋಡಿದೆವು. ಹಾಲಿನ ಲೆಕ್ಕದ ಕೆಳಗೆ ಆ ಹೆಂಗಸಿನ ಹೆಸರು, 'ಈ ತಿಂಗಳು 200, ಒಟ್ಟು 6,400' ಎಂದು ತಾಯಿಯವರ ದುಂಡನೆಯ ಅಕ್ಷರಗಳಲ್ಲಿತ್ತು. ಚಿತ್ರ ತೆಗೆದುದಕ್ಕೂ ಅವರ ಮರಣಕ್ಕೂ ನಡುವೆ ಮೂರು ತಿಂಗಳು. ಅವಳು ಹೇಳಿದ ಮೊತ್ತದಲ್ಲಿ ಒಂದು ಕಾಸಿನ ವ್ಯತ್ಯಾಸವೂ ಇರಲಿಲ್ಲ.

ಅಂದೇ ಸಂಜೆ ಅವಳ ಮನೆಯನ್ನು ಹುಡುಕಿಕೊಂಡು ಹೋದೆವು. ಹಣವನ್ನು ಎಣಿಸಿ ತೆಗೆದುಕೊಂಡಳು, ಎಣಿಸಿದ್ದೇ ಸರಿ. ಕಾಫಿಯನ್ನು ಕೊಡಲಿಲ್ಲ, ಬೈಯಲೂ ಇಲ್ಲ. ತಿರುಗಿ ಕೆಲಸಕ್ಕೆ ಬರುವೆಯಾ ಎಂದು ಕೇಳುವ ಧೈರ್ಯ ನಮಗಾಗಲಿಲ್ಲ.

ಈ ಕೆಲಸಕ್ಕೆ ವಿಶೇಷ ಸಲಕರಣೆಗಳೇನೂ ಬೇಕಿಲ್ಲ. ಖಾನೆಯನ್ನು ಪೂರ್ತಿಯಾಗಿ ಹೊರಗೆ ತೆಗೆದು, ನೇರವಾಗಿ ಬಿಸಿಲು ಬೀಳದ ಕಿಟಕಿಯ ಬಳಿ ನೆಲದ ಮೇಲಿಟ್ಟು, ಸರಿಯಾಗಿ ಮೇಲಿನಿಂದ ಚಿತ್ರ ತೆಗೆಯಬೇಕು. ಫೋನಿನ ದೀಪವನ್ನು ಹಾಕಕೂಡದು. ಹಿತ್ತಾಳೆ, ಗಾಜುಗಳು ಹೊಳೆದು ಉಳಿದದ್ದನ್ನು ನುಂಗಿಬಿಡುತ್ತವೆ. ಮೊದಲ ಚಿತ್ರಕ್ಕೆ ಮುಂಚೆ ಒಂದು ಪಿನ್ನನ್ನೂ ಸರಿಸಬಾರದೆಂಬುದು ನಮ್ಮ ಹಟ: ಯಾವುದರ ಪಕ್ಕದಲ್ಲಿ ಯಾವುದಿತ್ತೆಂಬುದೂ ಒಂದು ಸುದ್ದಿಯೇ. ಆಮೇಲೆ ಬಿಳಿಯ ಪಂಚೆಯೊಂದನ್ನು ಹಾಸಿ ಸಾಮಾನುಗಳನ್ನು ಬಿಡಿಬಿಡಿಯಾಗಿ ಹರಡಿ, ಅಳತೆ ತಿಳಿಯುವಂತೆ ಮಕ್ಕಳ ಅಡಿಕೋಲೊಂದನ್ನು ಪಕ್ಕದಲ್ಲಿಟ್ಟು ಮತ್ತೆ ತೆಗೆಯಬಹುದು. ಕಾಗದಗಳಾದರೆ ಹಿಂಬದಿಯನ್ನೂ ಬಿಡಬೇಡಿರಿ. ನಮ್ಮ ಹಿರಿಯರು ಮುಖ್ಯವಾದುದನ್ನು ಬರೆಯುತ್ತಿದ್ದುದು ಹಿಂಬದಿಯಲ್ಲೇ. ಬ್ಯಾಂಕಿನ ಪುಸ್ತಕ, ಆಧಾರ್ ಚೀಟಿ ಮೊದಲಾದವು ಕಾಣುವ ಚಿತ್ರಗಳನ್ನು ಮಾತ್ರ ನೆಂಟರ ವಾಟ್ಸ್ಯಾಪ್ ಗುಂಪಿಗೆ ಕಳುಹಿಸತಕ್ಕದ್ದಲ್ಲ. ಫೋನು ಕಳೆದರೆ ಚಿತ್ರವೂ ಕಳೆಯಬಹುದಾದುದರಿಂದ ನಾಲ್ಕಾರನ್ನು ಕಾಗದದ ಮೇಲೆ ಅಚ್ಚು ಹಾಕಿಸಿಡುವುದು ಕ್ಷೇಮ.

ಹಿರಿಯರು ಮನೆಯಲ್ಲಿದ್ದರೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಈ ಕೆಲಸವನ್ನು ಮಾಡಬೇಕು, ಒಂದೊಂದು ವಸ್ತುವೂ ಯಾರದು, ಎಲ್ಲಿಯದು ಎಂದು ಕೇಳಿ ಬರೆದುಕೊಳ್ಳಬೇಕು. ನಮ್ಮ ಬಳಿ ಉಳಿದಿರುವ ಆ ಒಂದೇ ಚಿತ್ರದ ಬಲತುದಿಯಲ್ಲಿ ಕೆಂಪು ದಾರ ಕಟ್ಟಿದ ಹಿತ್ತಾಳೆಯ ಬೀಗದ ಕೈಯೊಂದು ಅರ್ಧ ಕಾಣುತ್ತದೆ. ಅದು ಯಾವ ಪೆಟ್ಟಿಗೆಯದೆಂದು ಅಕ್ಕನನ್ನು ಕೇಳಿದೆವು, ಚಿಕ್ಕಮ್ಮನವರನ್ನೂ ಕೇಳಿದೆವು. ಅವರಿಗೂ ತಿಳಿಯದು.