ಕೈತೋಟ: ಏರುಮಡಿಯಲ್ಲಿ ಮೈಸೂರು ರಾಸ್ಬೆರಿ

ಮೈಸೂರು ಪಾಕು, ಮೈಸೂರು ಮಲ್ಲಿಗೆ, ಮೈಸೂರು ರೇಷ್ಮೆ ಇವುಗಳನ್ನು ಅರಿಯದ ಮನೆ ನಮ್ಮ ಸಂಘದ ಸದಸ್ಯರಲ್ಲಿ ಒಂದೂ ಇರಲಾರದು. ಆದರೆ ಮೈಸೂರು ರಾಸ್ಬೆರಿ ಎಂಬುದೊಂದು ಉಂಟೆಂದರೆ, ‘ಹಾಗೂ ಉಂಟೆ?’ ಎನ್ನುವವರೇ ಹೆಚ್ಚು. ರಾಸ್ಬೆರಿ ಎಂದೊಡನೆ ಮುಂಬಯಿಯವರಿಗೆ ಇರಾನಿ ಹೋಟೆಲಿನ ಕೆಂಪು ಸೋಡಾ ನೆನಪಾಗುತ್ತದೆ. ಪುಣೆಯವರಿಗೆ ಮಹಾಬಳೇಶ್ವರದ ಹಣ್ಣಿನಂಗಡಿ. ದಿಲ್ಲಿಯವರು ಬೇಸಗೆಯಲ್ಲಿ ನೈನಿತಾಲಿನ ಕಡೆ ಹೋಗಿ ಬಂದವರಾದರೆ ಅಲ್ಲಿಯ ಹಳದಿ ಹಿಸಾಲು ಹಣ್ಣು. ಹಿಸಾಲು ಇದೇ ಕುಲದ್ದು, ನಮ್ಮ ಹಣ್ಣಿನ ದಾಯಾದಿ ಎನ್ನಬಹುದು.

ಸಸ್ಯಶಾಸ್ತ್ರಜ್ಞರು ನಮ್ಮದನ್ನು ರೂಬಸ್ ನಿವಿಯಸ್ ಎಂದು ಕರೆಯುತ್ತಾರೆ. ಲ್ಯಾಟಿನಿನಲ್ಲಿ ನಿವಿಯಸ್ ಎಂದರೆ ಹಿಮದಂತೆ ಬಿಳಿಯಾದದ್ದು. ಎಲೆಯನ್ನು ಮಗುಚಿ ನೋಡಿದರೆ ಹೆಸರು ಬಂದ ಬಗೆ ತಿಳಿಯುತ್ತದೆ. ಅದರ ಅಡಿಯಲ್ಲಿ ಬಿಳಿಯ ನವಿರಾದ ತುಪ್ಪಳವಿದೆ. ಕೊಂಬೆಗಳಿಗೂ ವಿಭೂತಿ ಬಳಿದಂಥ ಒಂದು ಲೇಪ. ಪಶ್ಚಿಮ ಘಟ್ಟದ ಎತ್ತರದ ತಾಣಗಳಲ್ಲಿಯೂ ಹಿಮಾಲಯದ ತಪ್ಪಲಿನಲ್ಲಿಯೂ ತಾನಾಗಿ ಬೆಳೆಯುವ ಗಿಡವಿದು. ಹಿಪ್ಪುನೇರಳೆ ಹಣ್ಣು ಕಂಡವರಿಗೆ ಇದರ ರೂಪ ಹೊಸದಲ್ಲ. ಮೊದಲು ಕೆಂಪು, ಮಾಗಿದ ಮೇಲೆ ನೇರಳೆಗಪ್ಪು. ಕಿತ್ತಾಗ ದಿಂಡು ಗಿಡದಲ್ಲಿಯೇ ಉಳಿದು ಹಣ್ಣು ಪುಟ್ಟ ಟೊಪ್ಪಿಗೆಯಂತೆ ಕೈಗೆ ಬರುತ್ತದೆ. ರಾಸ್ಬೆರಿಯ ಗುರುತೇ ಅದು. ಇನ್ನು ಹೆಸರಿನ ಮಾತು. ೧೯೭೩ರಲ್ಲಿ ಮೈಸೂರು ರಾಜ್ಯ ಕರ್ನಾಟಕವಾಯಿತು. ೨೦೧೪ರಲ್ಲಿ ಇಂಗ್ಲಿಷಿನಲ್ಲಿ ಊರಿನ ಹೆಸರೂ ಮೈಸೂರು ಎಂದೇ ತಿದ್ದಿಕೊಂಡಿತು. ಫ್ಲಾರಿಡಾದ ತೋಟಗಾರರು ಮಾತ್ರ ಇಂದಿಗೂ ಈ ಗಿಡವನ್ನು ಹಳೆಯ ಕಾಗುಣಿತದಲ್ಲಿಯೇ ಬರೆದುಕೊಂಡಿದ್ದಾರೆ!

ಯುರೋಪಿನ ಕೆಂಪು ರಾಸ್ಬೆರಿಯನ್ನು ಬಿಟ್ಟು ಇದನ್ನೇಕೆ ಹೇಳುತ್ತಿದ್ದೇವೆ? ಆ ಜಾತಿಗೆ ಚಳಿಗಾಲದಲ್ಲಿ ನೂರಾರು ಗಂಟೆಗಳ ಕಾಲ ಕಡುಚಳಿ ತಗುಲಿದರಲ್ಲದೆ ಮೊಗ್ಗು ಎಚ್ಚರಗೊಳ್ಳುವುದಿಲ್ಲ. ಬಣ್ಣದ ಚಿತ್ರ ನೋಡಿ, ದುಬಾರಿ ಬೆಲೆ ತೆತ್ತು ತರಿಸಿದ ಗಿಡ ನಮ್ಮ ಊರುಗಳಲ್ಲಿ ಎಲೆ ಬಿಡುತ್ತದೆಯೇ ಹೊರತು ಹಣ್ಣು ಬಿಡುವುದು ಅಪರೂಪ. ಮೈಸೂರು ಜಾತಿಗೆ ಅಷ್ಟು ಚಳಿಯ ಹಂಬಲವಿಲ್ಲ. ಕೊಳ್ಳುವಾಗ ಒಂದು ಎಚ್ಚರ: ಕೆಲವು ನರ್ಸರಿಗಳಲ್ಲಿ ಹಿಪ್ಪುನೇರಳೆಗೇ ರಾಸ್ಬೆರಿ ಎಂಬ ಚೀಟಿ ಕಟ್ಟಿರುವುದುಂಟು. ಮುಳ್ಳಿಲ್ಲದಿದ್ದರೆ ಅದು ನಮ್ಮ ಗಿಡವಲ್ಲ.

ಮಡಿಯ ವಿಚಾರಕ್ಕೆ ಬರೋಣ. ಈ ಗಿಡದ ಬೇರಿಗೆ ನೀರು ಬೇಕು, ನೀರು ನಿಲ್ಲಬಾರದು. ಮುಂಬಯಿಯ ಮಳೆಗಾಲದಲ್ಲಿ ನೆಲಮಟ್ಟದ ಪಾತಿ ಕೆರೆಯಾಗುತ್ತದೆ. ಪುಣೆಯ ಕರಿಮಣ್ಣು ಮಳೆಯಲ್ಲಿ ಅಂಟಾಗಿ ಬೇಸಗೆಯಲ್ಲಿ ಬಿರಿಯುತ್ತದೆ. ಆದ್ದರಿಂದ ಏರುಮಡಿ. ನೆಲದ ಮೇಲೆ ಇಟ್ಟಿಗೆಯಿಂದ ಒಂದೂವರೆ ಅಡಿ ಎತ್ತರ, ಮೂರಡಿ ಅಗಲ, ಎಂಟಡಿ ಉದ್ದ ಕಟ್ಟಿರಿ. ಮೂರಡಿಗಿಂತ ಅಗಲವಾದರೆ ನಡುವಿನ ಕಳೆಗೆ ಕೈ ಎಟುಕದು. ತಳಕ್ಕೆ ಸಿಮೆಂಟು ಬೇಡ, ನೆಲಕ್ಕೆ ತೆರೆದಿರಲಿ. ಕೆಂಪುಮಣ್ಣು ಎರಡು ಪಾಲು, ಚೆನ್ನಾಗಿ ಕಳಿತ ಗೊಬ್ಬರ ಒಂದು ಪಾಲು, ದಪ್ಪ ಮರಳು ಒಂದು ಪಾಲು. ಇಷ್ಟು ಜಾಗಕ್ಕೆ ಎರಡು ಗಿಡ ಸಾಕು. ಮೂರನೆಯದಕ್ಕೆ ಆಸೆಪಟ್ಟರೆ ಮೂರೂ ಹೆಣೆದುಕೊಂಡು ಗಾಳಿಯಿಲ್ಲದೆ ಸೊರಗುತ್ತವೆ. ಬುಡಕ್ಕೆ ತರಗೆಲೆ ಹೊದಿಸಿರಿ. ಕೊಳವೆಬಾವಿಯ ಗಡಸು ನೀರು ಹಾಕುವ ಮನೆಗಳಲ್ಲಿ ಎಳೆಯ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುವುದುಂಟು. ಅದು ರೋಗವಲ್ಲ, ಗಿಡಕ್ಕೆ ಕಬ್ಬಿಣದಂಶ ಸಿಕ್ಕದೆ ಆದದ್ದು. ಮಳೆನೀರು ಹಿಡಿದಿಟ್ಟು ಹಾಕಿದರೆ ಒಳಿತು.

ಅಂಗಳವಿಲ್ಲದವರು ತಾರಸಿಯತ್ತ ನೋಡುತ್ತೀರಿ, ಬಲ್ಲೆವು. ಇಲ್ಲಿ ನಾವು ಸ್ವಲ್ಪ ಕಟುವಾಗಿಯೇ ಹೇಳಬೇಕಾಗಿದೆ. ಮೇಲೆ ಹೇಳಿದ ಅಳತೆಯ ಮಡಿಯ ಮಣ್ಣು ನೆನೆದಾಗ ಒಂದೂವರೆ ಟನ್ನಿಗೂ ಮಿಕ್ಕಿ ತೂಗುತ್ತದೆ. ಅಂದರೆ ಚದರ ಮೀಟರಿಗೆ ಸುಮಾರು ೭೫೦ ಕಿಲೋ. ಜನ ಹತ್ತಿ ಓಡಾಡುವ ತಾರಸಿಗೆ ಭಾರತೀಯ ಮಾನಕ ೮೭೫ ಗೊತ್ತುಮಾಡಿರುವ ಭಾರ ಚದರ ಮೀಟರಿಗೆ ೧೫೦ ಕಿಲೋ ಮಾತ್ರ. ಐದು ಪಟ್ಟು ಹೊರೆಯನ್ನು ನಿಮ್ಮ ಹೂವಿನ ಉತ್ಸಾಹಕ್ಕಾಗಿ ಕೆಳಗಿನ ಮನೆಯ ಮಕ್ಕಳ ತಲೆಯ ಮೇಲೆ ಇಡುವುದು ಯಾವ ನ್ಯಾಯ? ನಲವತ್ತು ವರ್ಷದ ಹಳೆಯ ಕಟ್ಟಡ, ಸಲಾಕೆಗೆ ತುಕ್ಕು ಹಿಡಿದಿದೆ, ಮಳೆಗಾಲದಲ್ಲಿ ಮೊದಲೇ ಸೋರುತ್ತದೆ. ಇಂಥಲ್ಲಿ ಇಟ್ಟಿಗೆಯ ಮಡಿ ಕಟ್ಟಲೇಕೂಡದು. ‘ಸೊಸಾಯಿಟಿಯವರು ಬೇಡವೆಂದರು, ಕನ್ನಡದವರೆಂದು ನಮಗೆ ಹೀಗೆ’ ಎಂದು ಮುನಿಸಿಕೊಳ್ಳುವುದೂ ಬೇಡ. ಅವರು ಯಾರಿಗೆ ಹೇಳಿದರೂ ಸರಿಯಾಗಿಯೇ ಹೇಳಿದ್ದಾರೆ. ತಾರಸಿಯಲ್ಲಿ ಬೆಳೆಸಲೇಬೇಕಾದರೆ ಮೊದಲು ಎಂಜಿನಿಯರರನ್ನು ಕೇಳಿ, ಅವರು ತೋರಿಸಿದ ತೊಲೆಯ ನೇರಕ್ಕೆ, ತೆಂಗಿನನಾರಿನ ಪುಡಿ ಹೆಚ್ಚಾಗಿ ಬೆರೆಸಿದ ಹಗುರ ಮಣ್ಣಿನ ಒಂದೆರಡು ಟಬ್ಬು ಇಟ್ಟುಕೊಳ್ಳಿ. ಅಡಿಯಲ್ಲಿ ಇಟ್ಟಿಗೆ ಕೊಟ್ಟು ನೀರು ಹರಿಯಲು ಎಡೆ ಬಿಡಿ.

ಗಿಡ ಹಿಡಿದ ಮೇಲೆ ಕತ್ತರಿಯ ಕೆಲಸವೇ ಮುಖ್ಯ. ಎರಡು ಕಂಬ ನೆಟ್ಟು ನಡುವೆ ಎರಡೆಳೆ ತಂತಿ ಬಿಗಿದು ಕೊಂಬೆಗಳನ್ನು ಕಟ್ಟಬೇಕು. ಬುಡದಿಂದ ಎದ್ದ ಹೊಸ ಕೊಂಬೆ ನಾಲ್ಕಡಿ ಆದಾಗ ಕುಡಿ ಚಿವುಟಿದರೆ ಪಕ್ಕದ ಕವಲು ಒಡೆಯುತ್ತದೆ. ಹಣ್ಣು ಆ ಕವಲುಗಳಲ್ಲಿ. ಚಳಿ ಇಳಿದು ಬಿಸಿಲೇರುವ ಹೊತ್ತಿಗೆ ಹಣ್ಣು ಮಾಗತೊಡಗುತ್ತದೆ. ಒಮ್ಮೆ ಹಣ್ಣು ಕೊಟ್ಟ ಕೊಂಬೆಯನ್ನು ಬುಡಕ್ಕೇ ಕತ್ತರಿಸಬೇಕು. ಬಾಳೆಗೊನೆ ಇಳಿಸಿದ ಮೇಲೆ ತಾಯಿಗಿಡ ಕಡಿದು ಕಂದಿಗೆ ಎಡೆಮಾಡುವುದನ್ನು ಊರಿನಲ್ಲಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮುಳ್ಳು ಕೊಕ್ಕೆಯಂಥದು, ದಪ್ಪ ಕೈಚೀಲವಿಲ್ಲದೆ ಕೈಹಾಕಬೇಡಿ, ಸೀರೆಯ ಸೆರಗು ಸಿಕ್ಕಿಸಿಕೊಂಡಿರಿ.

ಗಿಡದ ಇನ್ನೊಂದು ಗುಣವನ್ನು ಮುಚ್ಚಿಡಲಾರೆವು. ಬಾಗಿದ ಕೊಂಬೆಯ ತುದಿ ಮಣ್ಣಿಗೆ ತಾಗಿದರೆ ಅಲ್ಲಿಯೇ ಬೇರೂರಿ ಹೊಸ ಗಿಡವಾಗುತ್ತದೆ. ಹಣ್ಣು ತಿಂದ ಹಕ್ಕಿ ಬೀಜವನ್ನು ಎಲ್ಲೆಲ್ಲಿಯೋ ಬಿತ್ತುತ್ತದೆ. ತನ್ನ ಘಟ್ಟದ ಕಾಡಿನಲ್ಲಿ ನೂರು ಗಿಡಗಳ ನಡುವೆ ಒಂದಾಗಿ ಇರುವ ಇದು, ಹೊರಗೆ ಹೋದಲ್ಲಿ ಬೇರೆಯೇ ಆಗಿದೆ. ಡಾರ್ವಿನ್ ೧೮೩೫ರಲ್ಲಿ ಕಾಲಿಟ್ಟ ಗಲಪಗಾಸ್ ದ್ವೀಪಗಳಿಗೆ ೧೯೬೮ರಲ್ಲಿ ಇದನ್ನು ಹಣ್ಣಿಗಾಗಿ ಒಯ್ದರು. ಈಗ ಅಲ್ಲಿ ಆಳೆತ್ತರ ಮೀರಿದ ಮುಳ್ಳುಮೆಳೆಯಾಗಿ ಬೆಳೆದು, ಬೇರೆಲ್ಲೂ ಇಲ್ಲದ ಸ್ಕಲೇಸಿಯಾ ಮರಗಳ ಸಸಿ ಮೇಲೇಳದಂತೆ ನೆರಳು ಕವಿದಿದೆ. ಕಡಿದರೂ ಮಣ್ಣಿನಲ್ಲಿ ಉಳಿದ ಬೀಜದಿಂದ ಮತ್ತೆ ಏಳುತ್ತದೆ. ಹವಾಯಿಯಲ್ಲಿಯೂ ಇದು ಕಳೆಯೇ. ಆದಕಾರಣ ಮಾಗಿದ ಹಣ್ಣನ್ನು ಹಕ್ಕಿಗೆ ಬಿಡದೆ ದಿನವೂ ಕೀಳಿರಿ, ಸಾಧ್ಯವಾದರೆ ಬಲೆ ಹೊದಿಸಿರಿ. ಕತ್ತರಿಸಿದ ಕೊಂಬೆಯನ್ನು ಪಕ್ಕದ ನಾಲೆಗೋ ಗುಡ್ಡಕ್ಕೋ ಎಸೆಯದೆ ಚೆನ್ನಾಗಿ ಒಣಗಿಸಿರಿ.

ಪೇಟೆಯಲ್ಲಿ ಈ ಹಣ್ಣು ಕಾಣದಿರಲು ಕಾರಣ, ಕಿತ್ತದ್ದು ಒಂದೆರಡು ದಿನಕ್ಕಿಂತ ತಡೆಯದು. ಹಾಗೆಯೇ ತಿನ್ನುವುದು ಉತ್ತಮ. ಮಿಕ್ಕರೆ ಬೆಲ್ಲ, ಒಣಮೆಣಸಿನಕಾಯಿ, ಸಾಸಿವೆ ಒಗ್ಗರಣೆಯ ಗೊಜ್ಜು ದೋಸೆಗೆ ಒಗ್ಗುತ್ತದೆ.

ಪುಣೆಯವರು ಧೈರ್ಯವಾಗಿ ಹಚ್ಚಬಹುದು. ಹೈದರಾಬಾದಿನವರೂ ದಿಲ್ಲಿಯವರೂ ಏಪ್ರಿಲಿನಿಂದ ಮಧ್ಯಾಹ್ನದ ಬಿಸಿಲಿಗೆ ಅಡ್ಡವಾಗಿ ಹಸಿರು ಪರದೆ ಕಟ್ಟಬೇಕು. ದಿಲ್ಲಿಯ ‘ಲೂ’ ಬೀಸಿದರೆ ಎಲೆ ಒಂದೇ ದಿನದಲ್ಲಿ ಹಪ್ಪಳವಾದೀತು. ಮುಂಬಯಿಯವರು ಒಂದು ಗಿಡದಿಂದ ಮೊದಲುಮಾಡಲಿ. ಚೆನ್ನೈಯ ಸೋದರಿಯರಿಗೆ ನಾವು ಇದನ್ನು ಹೇಳುವುದಿಲ್ಲ. ಅವರು ಅದೇ ಮಡಿಗೆ, ಅದೇ ತಂತಿಗೆ ಬಸಳೆ ಹಬ್ಬಿಸಲಿ. ಅದರ ವಿವರ ಮುಂದಿನ ಸಂಚಿಕೆಗೆ.