ಅಕ್ಟೋಬರ್‌ನಲ್ಲಿ ಬೇಸ್‌ಬಾಲ್ ಹಬ್ಬ

ಸಂಪಾದಕರೇ,

ಟಿ-20 ಅಬ್ಬರಕ್ಕೆ ಒಗ್ಗಿಹೋದ ನಮ್ಮವರಿಗೆ ಬೇಸ್‌ಬಾಲ್ ನಿಧಾನದ ಆಟ ಅನ್ನಿಸೀತು. ಆದರೆ ಶಿಕಾಗೊದಲ್ಲಿ ನೆಲೆಸಿರುವ ನನ್ನಂಥವರಿಗೆ, ಮರಗಳು ಬಣ್ಣ ತಿರುಗುವ ಹೊತ್ತಿಗೆ ಊರಿನ ಕಬ್ಸ್ ತಂಡ ಇನ್ನೂ ಕಣದಲ್ಲಿದ್ದರೆ ಅದೇ ಹಬ್ಬ. ವಸಂತದಿಂದ ಆಡಿದ 162 ಪಂದ್ಯಗಳದು ಒಂದು ತೂಕವಾದರೆ, ಅಕ್ಟೋಬರ್‌ನ ಪ್ಲೇಆಫ್ ಹಂತದ ಒಂದೇ ಪಂದ್ಯದ್ದು ಇನ್ನೊಂದು ತೂಕ. ತಂಡದ ತವರು ಮೈದಾನ ರಿಗ್ಲಿ ಫೀಲ್ಡಿನ ಗೋಡೆಗೆ ಹಬ್ಬಿದ ಐವಿ ಬಳ್ಳಿ ಕೆಂಪಾಗುತ್ತದೆ. ಗೆದ್ದ ದಿನ ಸ್ಕೋರ್‌ಬೋರ್ಡಿನ ಮೇಲೆ ನೀಲಿ ‘ಡಬ್ಲ್ಯು’ ಅಕ್ಷರದ ಬಿಳಿ ಬಾವುಟ ಹಾರುತ್ತದೆ.

1908ರ ನಂತರ ಕಬ್ಸ್ ಮತ್ತೆ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದದ್ದು 2016ರಲ್ಲಿ. ಕ್ಲೀವ್‌ಲ್ಯಾಂಡ್‌ನಲ್ಲಿ ನಡೆದ ಏಳನೇ ಪಂದ್ಯ ಸಮವಾಗಿ, ಮಳೆಗೆ ನಿಂತು, ಹತ್ತನೇ ಇನಿಂಗ್ಸ್‌ನಲ್ಲಿ 8-7ಕ್ಕೆ ಮುಗಿಯಿತು. ಆ ದಿನಗಳಲ್ಲಿ ಅಭಿಮಾನಿಗಳು ರಿಗ್ಲಿಯ ಇಟ್ಟಿಗೆ ಗೋಡೆಗಳ ತುಂಬ ಬಣ್ಣದ ಸೀಮೆಸುಣ್ಣದಲ್ಲಿ ಹೆಸರು ಬರೆದರು. ಗೆಲುವು ಕಾಣದೆ ತೀರಿಕೊಂಡ ಅಪ್ಪ, ಅಜ್ಜಿ, ತಾತಂದಿರ ಹೆಸರುಗಳೂ ಅಲ್ಲಿದ್ದವು.

‘ಈ ಸಲ ಕಪ್ ನಮ್ದೇ’ ಎನ್ನುತ್ತಲೇ 2025ರವರೆಗೆ ಕಾದ ಆರ್‌ಸಿಬಿ ಅಭಿಮಾನಿಗಳಿಗೆ ಈ ಕಾಯುವಿಕೆಯನ್ನು ಬಿಡಿಸಿ ಹೇಳಬೇಕಿಲ್ಲ. ಅಕ್ಟೋಬರ್ ತಿಂಗಳಲ್ಲಾದರೂ ಕ್ರೀಡಾಪುಟದಲ್ಲಿ ಬೇಸ್‌ಬಾಲ್‌ಗೆ ನಾಲ್ಕು ಸಾಲಿನ ಜಾಗ ಕೊಡಿ.

– ಓರ್ವ ಓದುಗ, ಶಿಕಾಗೊ